ದೂರದ ಡೀಲರ್‌ ಹತ್ತಿರ ಹಳೇ ಸ್ಪೋರ್ಟ್ಸ್‌ ಕಾರು: ಎಂಜಿನ್‌ ತಣ್ಣಗಿರುವಾಗಲೇ ಹೋಗಿ ನೋಡಿ

ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕೆಲವು ಮನೆಗಳ ಶೆಡ್ಡಿನಲ್ಲಿ ಜೀಪಿನ ಪಕ್ಕ ನೆಲಕ್ಕೆ ಹತ್ತಿರದ ಒಂದು ಕಾರೂ ಬಂದು ನಿಂತಿದೆ. ಫೋರ್ಡ್ ಮಸ್ಟಾಂಗ್, ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, ಬಿಎಂಡಬ್ಲ್ಯು ಎಂ340ಐ, ಅಪರೂಪಕ್ಕೆ ಪೋರ್ಷೆ ಕೇಮನ್. ತೋಟದ ನಡುವಿನ ಮಣ್ಣು ರಸ್ತೆಯಲ್ಲಿ ರ‍್ಯಾಲಿ ಕಾರುಗಳು ಹಾರುವುದನ್ನು ನೋಡುತ್ತಾ ಬೆಳೆದವರು ನಾವು, ಆಸೆ ಸಹಜ. ಇಂಥ ಕಾರು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾರಾಟಕ್ಕೆ ಸಿಗುವುದಿಲ್ಲ. ದೆಹಲಿ, ಮುಂಬೈ ಡೀಲರ್‌ಗಳನ್ನೇ ಹುಡುಕಬೇಕು. ಎಡವಟ್ಟಾಗುವುದೂ ಅಲ್ಲೇ.

ಆಲ್ದೂರಿನ ನಮ್ಮ ಭಾವ ಫೋನಿನಲ್ಲಿ ವಿಡಿಯೋ ನೋಡಿ ಒಂದು ಕೆಂಪು ಕಾರಿಗೆ ಮನಸೋತರು. "ಭಾವ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ" ಅಂದೆ. "ಎಲ್ಲಾ ವಿಡಿಯೋದಲ್ಲೇ ತೋರ್ಸಿದಾರಲ್ಲ ಮಾರಾಯ, ತಡ ಮಾಡಿದ್ರೆ ಬೇರೆಯವ್ರು ಟೋಕನ್ ಅಡ್ವಾನ್ಸ್ ಹಾಕ್ತಾರೆ" ಅಂದರು. ಪೂರ್ತಿ ಹಣ ಹೋಯಿತು, ಕಾರು ಲಾರಿಯಲ್ಲಿ ಬಂತು. ಬಾಗಿಲು ತೆಗೆದಾಗ ಸೆಂಟಿನ ವಾಸನೆ ಮುಖಕ್ಕೆ ಹೊಡೆಯಿತು. ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ ನೋಡಿದೆ, ಕೆಳಗಿನ ಹಳಿ ಕಂದು ತುಕ್ಕು ಹಿಡಿದಿತ್ತು. ಸೀಟಿನ ಬೋಲ್ಟಿನ ತಲೆಯ ಗುಳಿಯಲ್ಲಿ ಒಣಗಿದ ಕೆಸರು. ಪ್ರವಾಹದ ನೀರಿನಲ್ಲಿ ಮುಳುಗೆದ್ದ ಕಾರು ಅದು. ಮುಂದಿನ ಗೌರಿ ಹಬ್ಬದ ಹೊತ್ತಿಗೆ ಏರ್‌ಬ್ಯಾಗ್ ದೀಪ ಹೊತ್ತಿಕೊಂಡಿತು, ಆಮೇಲೆ ಒಂದೊಂದೇ ವೈರಿಂಗ್ ಕೈಕೊಟ್ಟಿತು. ಆ ದುಡ್ಡು, ಆ ಸಂಕಟ ಇನ್ನೊಂದು ಮನೆಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪೂರ್ತಿ ಲೆಕ್ಕ

ಡೀಲರ್ ಹೇಳುವುದು ಕಾರಿನ ಬೆಲೆ ಮಾತ್ರ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಹೊಸ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. ಹೊರರಾಜ್ಯದ ಹಳೇ ಕಾರಿಗೆ ವಯಸ್ಸು ನೋಡಿ ಇದನ್ನು ಇಳಿಸುತ್ತಾರೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. 2016ರಲ್ಲಿ ಮಸ್ಟಾಂಗ್ ಜಿಟಿ ಭಾರತಕ್ಕೆ ಬಂದಾಗ ಶೋರೂಂ ಬೆಲೆ ಸುಮಾರು 65 ಲಕ್ಷ. ಅದರ ಶೇ 18 ಅಂದರೆ 11.7 ಲಕ್ಷ. ವಯಸ್ಸಿನ ರಿಯಾಯಿತಿ ಕಳೆದರೂ ಉಳಿಯುವುದು ಲಕ್ಷಗಳಲ್ಲೇ. ಟೋಕನ್ ಹಾಕುವ ಮೊದಲು ಕಾರಿನ ಇನ್‌ವಾಯ್ಸ್ ಪ್ರತಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಲೆಕ್ಕ ಹಾಕಿಸಿಕೊಳ್ಳಿ. ಹಳೇ ರಾಜ್ಯದಲ್ಲಿ ಕಟ್ಟಿದ ತೆರಿಗೆ ವಾಪಸ್ ಬರುತ್ತದೆ ಎಂದು ಡೀಲರ್ ಹೇಳಿದರೆ ಕೇಳಿಸಿಕೊಳ್ಳಿ, ನಿಮ್ಮ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ಹತ್ತು ಲಕ್ಷ ಮೀರಿದ ಕಾರಿಗೆ ಡೀಲರ್ ಶೇ 1 ಟಿಸಿಎಸ್ (ಮಾರುವವರೇ ಸಂಗ್ರಹಿಸುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಮರೆಯಬೇಡಿ.

ಎರಡನೆಯದು: ಕಾಗದ

ಆರ್‌ಸಿ, ವಿಮೆ, ಸರ್ವಿಸ್ ದಾಖಲೆಗಳ ಪ್ರತಿ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ, ಚಲನ್, ಎಷ್ಟನೇ ಮಾಲೀಕ ಎಂಬುದನ್ನು ತಾಳೆ ನೋಡಿ. 2023ರ ಏಪ್ರಿಲ್‌ನಿಂದ ಹಳೇ ವಾಹನ ಮಾರುವ ಡೀಲರ್‌ಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇರಬೇಕು, ಅದನ್ನೂ ಕೇಳಿ. ಕೊಡಲು ತಡಬಡಾಯಿಸುವವರ ಹತ್ತಿರ ವ್ಯವಹಾರ ಬೇಡ.

ಮೂರನೆಯದು: ಹೋಗಿ ನೋಡುವುದು

ಎಲ್ಲರೂ ಬಿಡುವ ಹೆಜ್ಜೆ ಇದು. ವಿಮಾನದ ಟಿಕೆಟ್‌ಗೆ ಹತ್ತಿಪ್ಪತ್ತು ಸಾವಿರ ಹೋಗುತ್ತದೆ ಎಂದು ಲೆಕ್ಕ ಹಾಕಿ ನಲವತ್ತು ಲಕ್ಷವನ್ನು ಕಣ್ಣು ಮುಚ್ಚಿ ಕಳಿಸುತ್ತಾರೆ. ನೀವೇ ಹೋಗಿ. ಕಾರು ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

"ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿಡಿ. ತಲುಪಿದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿ ಇಟ್ಟಿದ್ದಾರೆ ಎಂದರ್ಥ. ಹೋಟೆಲಿಗೆ ವಾಪಸ್ ಹೋಗಿ ಮಾರನೇ ದಿನ ಬೆಳಿಗ್ಗೆ ಬನ್ನಿ. ಬಿಸಿ ಎಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತದೆ, ತಣ್ಣಗಿನದು ಮುಚ್ಚಿಡಲಾರದು. ಸ್ಟಾರ್ಟ್ ಮಾಡುವಾಗ ಒಬ್ಬರು ಬಾನೆಟ್ ಹತ್ತಿರ, ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಮೊದಲ ಕೆಲವು ಸೆಕೆಂಡು ಮುಂಭಾಗದಿಂದ ಸರಪಳಿ ಅಲುಗಾಡಿದಂಥ ಸದ್ದು ಬಂದರೆ ಟೈಮಿಂಗ್ ಚೈನ್ ಮೇಲೆ ಅನುಮಾನ ಪಡಿ. ಬಿಳಿ ಹಬೆ ನಿಮಿಷದಲ್ಲಿ ಕರಗಿದರೆ ಚಿಂತೆಯಿಲ್ಲ. ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್. ವಾಲ್ವ್ ಸೀಲೋ ಟರ್ಬೋ ಸವೆದಿರಬಹುದು.

ಆಮೇಲೆ ಕಾರಿನ ಕಂಪ್ಯೂಟರಿಗೆ ಜೋಡಿಸಿ ಅದರಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್. ಇಲ್ಲೊಂದು ಕಳ್ಳದಾರಿ ಇದೆ. ನೀವು ಬರುವ ಹಿಂದಿನ ದಿನ ಫಾಲ್ಟ್ ಕೋಡ್‌ಗಳನ್ನೆಲ್ಲ ಅಳಿಸಿಬಿಟ್ಟರೆ ಡ್ಯಾಶ್‌ಬೋರ್ಡ್ ಶುದ್ಧವಾಗಿ ಕಾಣುತ್ತದೆ. ಆದರೆ ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳೂ ಮೊದಲಿಂದ ಶುರುವಾಗಬೇಕು, ಅವು ಮುಗಿಯಲು ಸ್ವಲ್ಪ ದೂರ ಓಡಬೇಕು. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಎಂಬ ಪುಟ ತೆರೆಯಿರಿ. ಸಾಲಾಗಿ "ನಾಟ್ ರೆಡಿ" ಎಂದು ಬಂದರೆ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಏಕೆ ಎಂದು ಕೇಳಿ. ಆನ್‌ಲೈನ್‌ನಲ್ಲಿ ಸಿಗುವ ಮುನ್ನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಕೊಳ್ಳಬೇಡಿ. ಅದು ಎಂಜಿನ್ ಬಿಟ್ಟು ಏರ್‌ಬ್ಯಾಗ್, ಎಬಿಎಸ್, ಗೇರ್‌ಬಾಕ್ಸ್ ಓದುವುದಿಲ್ಲ, ಮೋಸ ಅಡಗಿರುವುದು ಆ ಮೂರರಲ್ಲೇ. ಮೀಟರ್ ತಿರುಗಿಸಿದ್ದರೂ ಓಡಿದ ಕಿಲೋಮೀಟರ್ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಉಳಿದಿರುತ್ತದೆ. ಬಿಎಂಡಬ್ಲ್ಯು ಆದರೆ ಕೀಲಿಯಲ್ಲೂ ಇರುತ್ತದೆ. ಮ್ಯಾನುಯಲ್ ಗೇರಿನ ಪೋರ್ಷೆ ಸಿಕ್ಕರೆ ಎಂಜಿನ್ನನ್ನು ಎಷ್ಟು ಸಲ ಮಿತಿ ಮೀರಿ ತಿರುಗಿಸಿದ್ದಾರೆ ಎಂಬ ದಾಖಲೆಯನ್ನು ಸರ್ವಿಸ್ ಸೆಂಟರ್‌ನಲ್ಲಿ ತೆಗೆಸಿ ನೋಡಿ.

ಪೇಂಟ್ ದಪ್ಪ ಅಳೆಯುವ ಮೀಟರ್ ಒಯ್ಯಿರಿ. ಕಂಪನಿಯ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. 300 ದಾಟಿದರೆ ಅಡಿಯಲ್ಲಿ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. ಅಯಸ್ಕಾಂತದಿಂದ ನೋಡುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ, ಮಸ್ಟಾಂಗ್‌ನ ಬಾನೆಟ್ ಅಲ್ಯೂಮಿನಿಯಂನದು. ಮೀಟರ್ ಉಕ್ಕು, ಅಲ್ಯೂಮಿನಿಯಂ ಎರಡರ ಮೇಲಿನ ಪೇಂಟನ್ನೂ ಅಳೆಯುವಂಥದ್ದಾಗಿರಲಿ. "ಹೊಸದಾಗಿ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೇವೆ ಸರ್" ಎಂಬುದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ಮೀರಿದ ಟೈರಿನಲ್ಲಿ ಮೇಲಿನ ಅಚ್ಚು ಎಷ್ಟೇ ಉಳಿದಿರಲಿ, ನಾಲ್ಕೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಬ್ರೇಕ್ ಡಿಸ್ಕ್ ಎಷ್ಟು ಸವೆಯಬಹುದು ಎಂಬ ಕನಿಷ್ಠ ದಪ್ಪ ಡಿಸ್ಕ್ ಮೇಲೇ ಕೊರೆದಿರುತ್ತದೆ, ಅಳೆದು ನೋಡಿ.

ಪ್ರವಾಹದ ಕಾರನ್ನು ಹಿಡಿಯುವುದು ಕಾರ್ಪೆಟ್ ಅಡಿಯಲ್ಲಿ. 2023ರ ಜುಲೈನಲ್ಲಿ ಯಮುನೆ ದೆಹಲಿಗೆ ನುಗ್ಗಿತು, ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. ನೀರು ಕಂಡ ಕಾರುಗಳು ತೊಳೆಸಿಕೊಂಡು ದೂರದ ಊರುಗಳಿಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಬುಡ ನೋಡಿ, ನೀರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿ, ಫ್ಯೂಸ್ ಬಾಕ್ಸಿನ ಮೂಲೆ, ಎಲ್ಲಕ್ಕೂ ಟಾರ್ಚ್ ಬಿಡಿ.

ಕೊನೆಗೆ ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಒಯ್ದು ನಿಮ್ಮ ದುಡ್ಡಿನಲ್ಲೇ ಲಿಫ್ಟ್ ಮೇಲೆ ಏರಿಸಿ ತಪಾಸಣೆ ಮಾಡಿಸಿ, ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಚರಿತ್ರೆ ಕೇಳಿ. ವಿಆರ್‌ಎಸ್ 230ರ ಆರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದ ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿರಬೇಕು, ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಡೀಲರ್ ಕೊಡುವ "ಇನ್ನೂರು ಅಂಶಗಳ ರಿಪೋರ್ಟ್" ಮಾರುವವರು ಬರೆದದ್ದು, ಅದನ್ನು ನಂಬಬೇಡಿ. ಸರ್ವಿಸ್ ಸೆಂಟರ್‌ಗೆ ಕಾರು ಕಳಿಸಲು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಲಿ. ನನ್ನನ್ನು ಕೇಳಿದರೆ, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ನಮ್ಮಂಥ ಊರಿನವರು ಮಸ್ಟಾಂಗ್ ಬಿಟ್ಟು ಚೆನ್ನೈಯಲ್ಲೇ ಜೋಡಿಸುವ ಎಂ340ಐ ನೋಡುವುದು ಮೇಲು. ಮಳೆಗಾಲದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರೇ ನಮ್ಮ ತಿರುವುಗಳಿಗೆ ಸರಿ.

ಹಣ ಮತ್ತು ಸಾಗಣೆ

ಟೋಕನ್ ಸಣ್ಣದಿರಲಿ, ತಪಾಸಣೆಯಲ್ಲಿ ದೋಷ ಕಂಡರೆ ವಾಪಸ್ ಎಂದು ಬರೆಸಿಕೊಳ್ಳಿ. ಉಳಿದದ್ದು ಸಂಸ್ಥೆಯ ಖಾತೆಗೆ ಆರ್‌ಟಿಜಿಎಸ್‌ನಲ್ಲೇ ಹೋಗಲಿ, ಯಾರದೋ ಸ್ವಂತ ಖಾತೆಗೆ ಬೇಡ.

ದೆಹಲಿಯಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಡೀಲರ್ ಕಳಿಸುವ ಡ್ರೈವರ್ ಕೈಗೆ ಇಂಥ ಕಾರು ಕೊಡಲೇಬೇಡಿ. ಮುಚ್ಚಿದ ಕಂಟೇನರ್, ಸಾಗಣೆ ವಿಮೆ, ಹತ್ತಿಸುವಾಗ ಮೀಟರ್ ಮತ್ತು ನಾಲ್ಕೂ ಬದಿಯ ಫೋಟೊ, ಇಷ್ಟು ಸಾಕು. ಕಂಟೇನರ್ ತೋಟದ ರಸ್ತೆಗೆ ಬರುವುದಿಲ್ಲ. ಕಡೂರು–ಮಂಗಳೂರು (ಕೆಎಂ) ರಸ್ತೆಯಲ್ಲಿ ಅಗಲವಾದ ಜಾಗ ನೋಡಿ ಹಗಲಲ್ಲೇ ಇಳಿಸಿಕೊಳ್ಳಿ. ಮುಂದಿನ ಬಂಪರ್ ರ‍್ಯಾಂಪಿಗೆ ತಾಗದಂತೆ ಎರಡು ಉದ್ದದ ಹಲಗೆ ಒಯ್ಯಿರಿ.

ಕೆಎ-18 ತನಕ

ಹಳೇ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಮಾರಾಟದ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರಂ 35. "ಎನ್‌ಒಸಿ ಆಮೇಲೆ ಕೊರಿಯರ್ ಮಾಡ್ತೀವಿ" ಎಂದರೆ ಒಪ್ಪಬೇಡಿ, ಅದು ಕೈಗೆ ಬಂದ ದಿನ ಕೊಡಲು ಒಂದಿಷ್ಟು ಹಣ ಹಿಡಿದಿಟ್ಟುಕೊಳ್ಳಿ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳು ಓಡಿಸಬಹುದು ಎಂದು ಹಲವರು ಸುಮ್ಮನಿರುತ್ತಾರೆ. ಅದು ನಂಬರ್ ಬದಲಾವಣೆಯ ಗಡುವು. ಮಾಲೀಕತ್ವ ಬದಲಿಸಲು ಕೊಂಡವರಿಗೆ ಇರುವುದು 30 ದಿನ, ವಿಮೆ ಹೆಸರಿಗೆ ಮಾಡಿಸಲು 14 ದಿನ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಚಿಕ್ಕಮಗಳೂರಿನವರಿಗೆ ಕೆಎ-18, ಹಾಸನದವರಿಗೆ ಕೆಎ-13, ಸಕಲೇಶಪುರಕ್ಕೆ ಕೆಎ-46. ಕಾರನ್ನು ಇನ್‌ಸ್ಪೆಕ್ಟರ್‌ಗೆ ತೋರಿಸುವ ದಿನ ಚಾಸಿಸ್ ನಂಬರ್ ಇರುವ ಜಾಗವನ್ನು ಮೊದಲೇ ಒರೆಸಿಟ್ಟುಕೊಳ್ಳಿ. ತೆರಿಗೆ ಕಟ್ಟಿ ಹೊಸ ನಂಬರ್ ಬಂದ ಮೇಲೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿ. ಅದೇ ವಾರ ಎಂಜಿನ್ ಆಯಿಲ್, ಬ್ರೇಕ್ ಫ್ಲೂಯಿಡ್ ಎರಡನ್ನೂ ಬದಲಿಸಿ. ಅಲ್ಲಿಯ ತನಕ ಗಿರಿಯ ಬುಡದ ಕೈಮರ ದಾಟಿ ಘಾಟಿ ಹತ್ತಬೇಡಿ.