ಒಂದೇ ಪುಸ್ತಕ, 22 ಪ್ರತಿ, 22 ಕ್ಯೂ

ನಮ್ಮದು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿ. ಗಣಿತದ ಒಂದು ಪುಸ್ತಕ 22 ಪ್ರತಿ ಇದೆ. ಆದರೂ ರಿಸರ್ವ್ ಮಾಡಿದ ಹುಡುಗ ಮೂರು ವಾರ ಕಾಯುತ್ತಿದ್ದ, ಮಾಡದವನು ರ‍್ಯಾಕಿನಿಂದ ಎತ್ತಿಕೊಂಡು ಹೋಗುತ್ತಿದ್ದ. 'ಇನ್ನೂ ಹತ್ತು ಪ್ರತಿ ತರಿಸಿ, ಮುಗೀತು' ಎಂದರು ಎಲ್ಲರೂ. ಒಂದಕ್ಕೆ ಹೆಚ್ಚುಕಮ್ಮಿ 700 ರೂಪಾಯಿ. ನಾನು ಬೇಡ ಎಂದೆ. ನಕ್ಕರು.

ತಪ್ಪು ನನ್ನದೇ. ಕೊಹಾ ಎಂಬ ಲೈಬ್ರರಿ ಸಾಫ್ಟ್‌ವೇರಿಗೆ ಬರುವಾಗ ಹಳೇ ಎಕ್ಸೆಲ್ ಶೀಟನ್ನು ಹಾಗೇ ಸುರಿದಿದ್ದೆ. ಪ್ರತಿ ಅಕ್ಸೆಷನ್ ನಂಬರಿಗೂ, ಅಂದರೆ ಒಂದೊಂದು ಪ್ರತಿಗೂ ಇರುವ ನಂಬರಿಗೂ, ಒಂದೊಂದು ರೆಕಾರ್ಡ್! ಹುಡುಕಿದರೆ ಅದೇ ಹೆಸರು 22 ಸಲ. ಹುಡುಗರು ಮೇಲಿನದನ್ನೇ ಒತ್ತುತ್ತಾರೆ, ಅಲ್ವಾ? ಹಾಗಾಗಿ ಆ ಒಂದೇ ಪ್ರತಿಗೆ 9 ಜನ ಸಾಲು. ಅದನ್ನು ಒಯ್ದವನು ಅಮ್ಮ (ಚಿಕನ್‌ಪಾಕ್ಸ್) ಆಗಿ ಊರಿಗೆ ಹೋಗಿದ್ದ. ಇತ್ತ ರ‍್ಯಾಕಿನಲ್ಲಿ ಐದು ಪ್ರತಿ ಸುಮ್ನೆ ಕೂತಿದ್ದವು.

ರಜೆಯಲ್ಲಿ ಒಂದೇ ಪುಸ್ತಕದ ರೆಕಾರ್ಡುಗಳನ್ನು ಲಿಸ್ಟಿಗೆ ಹಾಕಿ ಹಾಕಿ ಮರ್ಜ್ ಮಾಡಿ ಒಂದಾಗಿಸಿದೆ. ಸುಮಾರು 1,800 ರೆಕಾರ್ಡ್ 300ರ ಆಸುಪಾಸಿಗೆ ಇಳಿಯಿತು. ಒಂದು ಸಂಜೆ ನಿದ್ದೆಗಣ್ಣಲ್ಲಿ ಎರಡು ಎಡಿಷನ್ ಸೇರಿಸಿಬಿಟ್ಟೆ. ಹೊಸದು ಕೇಳಿದವನಿಗೆ ಹಳೇದು ಬಂತು. ಪ್ರತಿಗಳನ್ನು ಬಿಡಿಸಿ ಬೇರೆ ರೆಕಾರ್ಡಿಗೆ ಅಂಟಿಸಲು ನಾಲ್ಕು ದಿನ ಹೋಯಿತು.

ಆಮೇಲೆ ಹೋಲ್ಡನ್ನು (ರಿಸರ್ವ್‌ಗೆ ಕೊಹಾದಲ್ಲಿ ಈ ಹೆಸರು) ಟೈಟಲ್ ಮಟ್ಟಕ್ಕೆ ಮಾತ್ರ ಬಿಟ್ಟೆ. ಯಾವ ಪ್ರತಿ ಮೊದಲು ವಾಪಸ್ ಬಂದರೂ ಮುಂದಿನವನಿಗೆ. ಕಾದಿಟ್ಟ ಪ್ರತಿಯನ್ನು ಒಯ್ಯಲು ಇದ್ದ ಏಳು ದಿನವನ್ನು ಎರಡಕ್ಕೆ ಇಳಿಸಿದೆ. ಆದರೂ ಅವಧಿ ಮುಗಿದ ಹೋಲ್ಡ್ ರದ್ದೇ ಆಗುತ್ತಿರಲಿಲ್ಲ. ಹತ್ತು ದಿನ ಸೆಟ್ಟಿಂಗ್ ತಡಕಾಡಿದೆ. ಕೊನೆಗೆ ನೋಡಿದರೆ ರದ್ದು ಮಾಡುವ ಕ್ರಾನ್ (ಗೊತ್ತಾದ ಹೊತ್ತಿಗೆ ಸರ್ವರ್ ತಾನೇ ಮಾಡುವ ಕೆಲಸ) ಓಡುವುದು ರಾತ್ರಿ. ನಮ್ಮ ಸರ್ವರ್ ಅಂದರೆ ಮೂಲೆಯ ಹಳೇ ಡೆಸ್ಕ್‌ಟಾಪ್. ಅಟೆಂಡರ್ ಸಂಜೆ 5.30ಕ್ಕೆ ಲೈಟು, ಫ್ಯಾನಿನ ಜೊತೆ ಅದನ್ನೂ ಆರಿಸಿ ಹೋಗುತ್ತಿದ್ದ! ಕ್ರಾನನ್ನು ಮಧ್ಯಾಹ್ನ 1.30ಕ್ಕೆ ತಂದೆ. ದಸರಾ ರಜೆ ಕಳೆದು ಬಂದ ದಿನ ಸರಿಯಾಗಿ 1.30ಕ್ಕೆ 14 ಜನರ ಹೋಲ್ಡ್ ಒಟ್ಟಿಗೆ ಹಾರಿಹೋಯಿತು. ರಜಾ ದಿನ ಲೆಕ್ಕಕ್ಕೆ ಬೇಡ ಅನ್ನುವ ಸೆಟ್ಟಿಂಗ್ ಒಂದಿದೆ, ಮರೆಯಬೇಡಿ. ಬೈಸಿಕೊಂಡು ಕಲಿತದ್ದು.

ನಡುವೆ ಎರಡು ಪ್ರತಿಯನ್ನು ಸಂಜೆ ಕೊಟ್ಟು ಬೆಳಗ್ಗೆ ಪಡೆಯುವ ಪ್ರಯೋಗವನ್ನೂ ಮಾಡಿದೆ. ಒಂದು ಮಳೆಯಲ್ಲಿ ನೆನೆದು ಇಡ್ಲಿ ಹಾಗೆ ಉಬ್ಬಿ ಬಂತು. ಬಿಟ್ಟುಬಿಟ್ಟೆ.

ಕ್ಯೂ ಜಾಸ್ತಿ ಆದಾಗ ಲೋನ್ ಅವಧಿ 14 ದಿನದಿಂದ 7ಕ್ಕೆ ತಾನೇ ಇಳಿಯುತ್ತದೆ. ಎಷ್ಟು ಹೋಲ್ಡ್ ಆದಾಗ ಇಳಿಸಬೇಕು ಅನ್ನುವ ಅಂಕಿ ಮಾತ್ರ ಹೇಳಲ್ಲ, ಎರಡು ಸೆಮಿಸ್ಟರ್ ಬೆವರು ಸುರಿಸಿ ಹಿಡಿದದ್ದು. ಇರುವ ಪ್ರತಿಗಳಿಗೆ ಎಷ್ಟು ಹೋಲ್ಡ್ ಇದೆ ಎಂದು ತೋರಿಸುವ ಹೋಲ್ಡ್ ರೇಷಿಯೋ ರಿಪೋರ್ಟ್ ನೋಡಿ ಕೊನೆಗೆ ಕೊಂಡದ್ದು ಮೂರೇ ಪ್ರತಿ, ಎರಡು ಸಾವಿರ ಚಿಲ್ಲರೆ. ಮೂರು ವಾರದ ಕಾಯುವಿಕೆ ಈಗ ಐದಾರು ದಿನ.

ಹತ್ತು ಪ್ರತಿ ತರಿಸಿ ಎಂದಿದ್ದ ಮೇಷ್ಟ್ರು ಮೊನ್ನೆ ತಾವೇ ರಿಸರ್ವ್ ಹಾಕಿದರು. ಸಾಲಿನಲ್ಲಿ ನಾಲ್ಕನೆಯವರು. 'ಸ್ವಲ್ಪ ಮುಂದೆ ತಳ್ಳಪ್ಪ' ಎಂದರು. ತಳ್ಳಲಿಲ್ಲ.