ಇವಾಹಿಗ್: ಗೋಡೆಯಿಲ್ಲದ ಜೈಲಿನ ದಿನಚರಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು

ಫಿಲಿಪ್ಪೀನ್ಸ್‌ನ ಪಲಾವನ್ ದ್ವೀಪದಲ್ಲಿ, ಪ್ವೆರ್ಟೊ ಪ್ರಿನ್ಸೆಸಾ ನಗರದ ದಕ್ಷಿಣಕ್ಕೆ ಇವಾಹಿಗ್ ಜೈಲಿದೆ. 1904ರಲ್ಲಿ ಅಮೆರಿಕನ್ ಆಡಳಿತ ಶುರುಮಾಡಿದ್ದು. ಸಾವಿರಾರು ಹೆಕ್ಟೇರ್ ಗದ್ದೆ, ತೆಂಗು, ಕಾಡು; ಸುತ್ತ ಗೋಡೆಯಿಲ್ಲ, ಗದ್ದೆಯಲ್ಲಿ ದುಡಿಯುವವರು ಕೈದಿಗಳೇ. ದೇವನಹಳ್ಳಿ ಬಳಿಯ ನಮ್ಮ ಬಯಲು ಬಂದೀಖಾನೆಯ ಜಾತಿಯದೇ, ವಿಸ್ತಾರ ಮಾತ್ರ ಬೇರೆ.

ತೊಡಕು ಇಲ್ಲೇ ಇದೆ. ಗದ್ದೆಯಲ್ಲಿ ಬಗ್ಗಿ ನಿಂತವನ ಚಿತ್ರವನ್ನು ಮಂಡ್ಯದ್ದು ಎಂದರೂ ನಂಬುತ್ತಾರೆ. ಜೈಲೆಂದು ತಿಳಿಸುವುದು ಅಂಗಿಯ ಬಣ್ಣವೊಂದೇ: ಕಡಿಮೆ ಭದ್ರತೆಯವರಿಗೆ ಕಂದು, ಮಧ್ಯಮಕ್ಕೆ ನೀಲಿ, ಗರಿಷ್ಠಕ್ಕೆ ಕಿತ್ತಳೆ. ಹಾಗಾಗಿ ಕಪ್ಪು-ಬಿಳುಪಿನ ಆಸೆ ಬಿಡಿ. ಜೈಲು ಎಂದ ಕೂಡಲೇ ಎಲ್ಲರಿಗೂ ಅದೇ ಹೊಳೆಯುತ್ತದೆ, ಇಲ್ಲಿ ಅದು ಚಿತ್ರದ ಅರ್ಥವನ್ನೇ ಒರೆಸಿಹಾಕುತ್ತದೆ.

ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವಾಗಲೇ ಕ್ಯಾಮೆರಾ ಇದೆಯೆಂದು ಹೇಳಿ, ಎಲ್ಲೆಲ್ಲಿ ತೆಗೆಯಬಹುದೆಂದು ಕೇಳಿ. ಕಾವಲು ಠಾಣೆ, ಬೀಗ, ಸಿಬ್ಬಂದಿ, ಶಸ್ತ್ರ ಬೇಡ. ಡ್ರೋನ್ ಹೋಟೆಲಿನಲ್ಲೇ ಇರಲಿ. ಚಿತ್ರ ಪ್ರಕಟಿಸುವ ಉದ್ದೇಶವಿದ್ದರೆ ಅಲ್ಲಿನ ಬಂದೀಖಾನೆ ಇಲಾಖೆಯಾದ ಬ್ಯೂರೋ ಆಫ್ ಕರೆಕ್ಷನ್ಸ್‌ನಿಂದ ಲಿಖಿತ ಅನುಮತಿಯನ್ನು ಊರು ಬಿಡುವ ಮೊದಲೇ ಕೇಳಿ.

35 ಎಂ.ಎಂ. ಲೆನ್ಸ್ ಒಂದಿದ್ದರೆ ಸಾಕು. ಉದ್ದ ಲೆನ್ಸಿನಲ್ಲಿ ದೂರದಿಂದ ಕದ್ದು ತೆಗೆದದ್ದು ಚಿತ್ರದಲ್ಲೇ ಗೊತ್ತಾಗುತ್ತದೆ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಇಳಿಯುವ ಅರ್ಧ ಗಂಟೆ ಮೊದಲೇ ಎ.ಸಿ. ನಿಲ್ಲಿಸಿ ಕಿಟಕಿ ತೆರೆಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಗದ್ದೆ ಮುಗಿಸಿ, ಆಮೇಲಿನ ಬಿಸಿಲು ಟೋಪಿಯಡಿಯ ಮುಖವನ್ನು ಕಪ್ಪಾಗಿಸುತ್ತದೆ. ನಾಟಿಯ ಕೈ ಸ್ಪಷ್ಟವಾಗಿ ಬರಲು ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ.

ಹೆಚ್ಚಿನವರು ಎಡವುವುದು ಕಿತ್ತಳೆ ಅಂಗಿಯಲ್ಲಿ. ಚೌಕಟ್ಟಿನ ತುಂಬ ಅದೇ ಬಣ್ಣವಿದ್ದರೆ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಸರಿಪಡಿಸುವುದು) ಅದನ್ನು ಬೆಳಕಿನ ಬಣ್ಣವೆಂದು ತಪ್ಪು ತಿಳಿದು ಇಡೀ ಚಿತ್ರಕ್ಕೆ ನೀಲಿ ಎಳೆಯುತ್ತದೆ. ಬಿಸಿಲಿಗೆ ವೈಟ್ ಬ್ಯಾಲೆನ್ಸನ್ನು 5200 ಕೆಲ್ವಿನ್ ಎಂದು ಕೈಯಾರೆ ಇಡಿ. ಕಿತ್ತಳೆಯಲ್ಲಿ ಚಿತ್ರದ ಕೆಂಪು ಬಣ್ಣದ ಪಾಲು (ಕೆಂಪು ಚಾನೆಲ್) ಮೊದಲು ತುಂಬಿ ಅಂಗಿಯ ಮಡಿಕೆಗಳೇ ಮಾಯವಾಗುತ್ತವೆ; ಎಕ್ಸ್‌ಪೋಶರ್ (ಒಳಬರುವ ಬೆಳಕು) 2/3 ಸ್ಟಾಪ್ ಇಳಿಸಿ, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲಿನಲ್ಲಿ ತೆಗೆಯಿರಿ. ಕರಕುಶಲ ವಸ್ತು ಮಾರುವ ಒಳಾಂಗಣದಲ್ಲಿ ಫ್ಲಾಶ್ ಬೇಡ. ಎಫ್/2.8, 1/125, ಐಎಸ್ಒ 1600ರಿಂದ ಶುರುಮಾಡಿ, ಕಿಟಕಿಯನ್ನು ಬೆನ್ನಿಗಲ್ಲ, ಪಕ್ಕಕ್ಕೆ ಬರುವಂತೆ ನಿಲ್ಲಿ.

ಒಪ್ಪಿಗೆಯ ವಿಷಯ ಇದಕ್ಕಿಂತ ಕಷ್ಟದ್ದು. 'ಪುವೆದೆ ಪೊ ಬಾ?' (ತಗಾಲೋಗ್ ಭಾಷೆಯಲ್ಲಿ 'ಆಗಬಹುದಾ?') ಎಂದು ಕೈದಿಗೆ ಕ್ಯಾಮೆರಾ ತೋರಿಸಿ ಕೇಳಿದರೆ ಬಹುಪಾಲು ಹೂಂ ಎಂದೇ ಉತ್ತರ ಬರುತ್ತದೆ. ಆದರೆ ಪಕ್ಕದಲ್ಲಿ ಕಾವಲುಗಾರ ನಿಂತಿದ್ದರೆ, ಅಥವಾ ನೀವು ಈಗಷ್ಟೇ ಆ ಕೈದಿಯಿಂದ ಕೀಚೈನ್ ಕೊಂಡಿದ್ದರೆ, ಆ ಹೂಂಗೆ ಬೆಲೆ ಕಡಿಮೆ. ಮೊದಲು ಫೋಟೋ, ವ್ಯಾಪಾರ ಆಮೇಲೆ ಬೇರೆಯವರ ಬಳಿ. ಚಿತ್ರಕ್ಕೆಂದು ದುಡ್ಡು ಕೊಟ್ಟರೆ ಮುಂದಿನವರು ಸಾಲಾಗಿ ನಿಂತು ಪೋಸು ಕೊಡುತ್ತಾರೆ, ದಿನಚರಿ ಅಲ್ಲಿಗೆ ಮುಗಿಯಿತು. ಅನುಮಾನವಿದ್ದರೆ ಕೈ, ಉಪಕರಣ, ಬೆನ್ನು ತೆಗೆಯಿರಿ. ಏನು ಅಪರಾಧ ಮಾಡಿದೆ ಎಂದು ಮಾತ್ರ ಕೇಳಬೇಡಿ. ಮಕ್ಕಳ ಮುಖ ಯಾವ ಕಾರಣಕ್ಕೂ ಬೇಡ.

ಚಿತ್ರವನ್ನು ಎಲ್ಲಾದರೂ ಹಾಕುವ ಮುನ್ನ ಅಂಗಿಯ ಮೇಲೆ ಹೆಸರು, ಸಂಖ್ಯೆ ಇದ್ದರೆ ಮಸುಕಾಗಿಸಿ, ಫೈಲಿನೊಳಗಿನ ಜಿಪಿಎಸ್ ಗುರುತು ಅಳಿಸಿ. ಕೈದಿಯ ಮುಖವನ್ನು ಅವನ ಮನೆಯವರಷ್ಟೇ ಅಲ್ಲ, ಅವನಿಂದ ನೊಂದವರ ಮನೆಯವರೂ ನೋಡಬಹುದು. ಶೀರ್ಷಿಕೆಯಲ್ಲಿ ಕೆಲಸ, ಜಾಗ, ತಿಂಗಳು ಇಷ್ಟೇ ಬರೆಯಿರಿ.