ರಿಯೋ ಎಲೆ, ಉಪ್ಪುನೀರು ಮತ್ತು ಕಾಣದ ಕೋಶಪೊರೆ

ಜೀವಕೋಶವನ್ನು ಸುತ್ತುವರಿದ ಕೋಶಪೊರೆಯ ದಪ್ಪ ಸುಮಾರು 7-8 ನ್ಯಾನೊಮೀಟರ್. ಪಿಯು ಲ್ಯಾಬಿನ ಮೈಕ್ರೋಸ್ಕೋಪಿಗೆ 200 ನ್ಯಾನೊಮೀಟರಿಗಿಂತ ಚಿಕ್ಕದೆಲ್ಲ ಮಸುಕು. ಹಾಗಾಗಿ ಪೊರೆಯನ್ನೇ ತೋರಿಸುವುದು ಆಗದ ಮಾತು. ಅದು ಮಾಡುವ ಕೆಲಸವನ್ನು ತೋರಿಸಬಹುದು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ರಿಯೋ ಗಿಡವನ್ನು. ಎಲೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಅಂದಕ್ಕೆಂದು ಅಂಗಳದಲ್ಲಿ ಸಾಲಾಗಿ ನೆಟ್ಟಿರುತ್ತಾರಲ್ಲ, ಅದೇ. ಬಿಳಿ ಈರುಳ್ಳಿಯಲ್ಲೂ ಈ ಪ್ರಯೋಗ ಆಗುತ್ತದೆ, ಆದರೆ ಬಣ್ಣವಿಲ್ಲದೆ ಹೊಸಬರಿಗೆ ಏನೂ ತಿಳಿಯುವುದಿಲ್ಲ.

ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಸಿಪ್ಪೆ ತೆಳ್ಳಗೆ ಬಿಡುತ್ತದೆ. ಅದನ್ನು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಕವರ್ ಸ್ಲಿಪ್ ಮುಚ್ಚುತ್ತೇನೆ. ಒಂದೊಂದು ಕೋಶವೂ ಭಿತ್ತಿಯವರೆಗೆ, ಅಂದರೆ ಪೊರೆಯ ಹೊರಗಿನ ಗಟ್ಟಿ ಗೋಡೆಯವರೆಗೆ, ನೇರಳೆ ತುಂಬಿಕೊಂಡಿರುತ್ತದೆ. 100 ಮಿಲಿ ನೀರಿಗೆ 5 ಗ್ರಾಂ ಉಪ್ಪು ಹಾಕಿ ಕಲಕಿ, ಕವರ್ ಸ್ಲಿಪ್‌ನ ಒಂದು ಬದಿಗೆ ಹನಿ ಬಿಟ್ಟು, ಇನ್ನೊಂದು ಬದಿಯಿಂದ ಬ್ಲಾಟಿಂಗ್ ಪೇಪರಿನಲ್ಲಿ ಎಳೆಯುತ್ತೇನೆ. ಕೆಲವೇ ನಿಮಿಷಕ್ಕೆ ನೇರಳೆ ಮೂಲೆಗಳನ್ನು ಬಿಟ್ಟು ಒಳಕ್ಕೆ ಮುದುಡುತ್ತದೆ. ಭಿತ್ತಿ ಮಾತ್ರ ಇದ್ದಲ್ಲೇ ಇರುತ್ತದೆ.

ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಭಿತ್ತಿಗೂ ನೇರಳೆಗೂ ನಡುವಿನ ಜಾಗದಲ್ಲಿ ಏನಿದೆ? ಗಾಳಿ ಅನ್ನುವವರೇ ಜಾಸ್ತಿ. ಅಲ್ಲಿರುವುದು ಉಪ್ಪುನೀರು. ಸೊಳ್ಳೆ ಪರದೆಯಲ್ಲಿ ಗಾಳಿ ನುಗ್ಗಿದ ಹಾಗೆ ಅದು ಭಿತ್ತಿ ದಾಟಿ ಬಂದು, ಪೊರೆಯ ಹತ್ತಿರ ನಿಂತಿದೆ. ಹೊರಗೆ ಉಪ್ಪು ಹೆಚ್ಚಾದ್ದರಿಂದ ಒಳಗಿನ ನೀರು ಹೊರಬಂತು, ನೇರಳೆ ಬರಲಿಲ್ಲ. ಪೊರೆ ಕೆಲವನ್ನು ಮಾತ್ರ ಆರಿಸಿ ದಾಟಲು ಬಿಡುತ್ತದೆ ಅನ್ನುವುದು ಇದನ್ನೇ. ನಿಜ ಹೇಳಬೇಕೆಂದರೆ ಬಣ್ಣ ಇರುವುದು ಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಲ್ಲಿ, ಅದಕ್ಕೂ ತನ್ನದೇ ಪೊರೆ ಇದೆ. ಅಂದರೆ ಬಣ್ಣಕ್ಕೆ ಎರಡು ಕಾವಲು. ಆಮೇಲೆ ಉಪ್ಪುನೀರನ್ನು ಎಳೆದು ಸಾದಾ ನೀರು ಬಿಟ್ಟರೆ ಕೋಶ ಮತ್ತೆ ತುಂಬಿಕೊಳ್ಳುತ್ತದೆ. ತುಂಬಾ ಹೊತ್ತು ಉಪ್ಪಿನಲ್ಲೇ ಬಿಟ್ಟಿದ್ದರೆ ಇಲ್ಲ.

ನನಗೆ ಇಷ್ಟವಾದದ್ದು ಇದರ ನಂತರದ ಭಾಗ. ಇನ್ನೊಂದು ಸಿಪ್ಪೆಯನ್ನು ಕುದಿನೀರಲ್ಲಿ ಒಂದು ನಿಮಿಷ ಅದ್ದುತ್ತೇನೆ. ಬಣ್ಣ ನೀರಿಗೆ ಇಳಿದುಬಿಡುತ್ತದೆ. ಈಗ ಉಪ್ಪುನೀರು ಹಾಕಿದರೂ ಏನೂ ಮುದುಡುವುದಿಲ್ಲ. ಭಿತ್ತಿ ಹಾಗೇ ಇದೆ, ಹಾಳಾದದ್ದು ಪೊರೆ. ಈ ಹೋಲಿಕೆ ಇಲ್ಲದೆ ಪ್ರಯೋಗ ಮಾಡಿಸುವುದು ಅರ್ಧ ಕೆಲಸ.

ರಚನೆಯ ಪಾಠವನ್ನು ಇದಾದ ಮೇಲೇ ಶುರು ಮಾಡುತ್ತೇನೆ. ಪೊರೆ ಅಂದರೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಎರಡು ಪದರ. ನೀರಿಗೆ ಆಗದ ಬಾಲಗಳು ಒಳಮುಖವಾಗಿವೆ. ವಿದ್ಯುದಾವೇಶ ಹೊತ್ತ ಸೋಡಿಯಂ, ಕ್ಲೋರೈಡ್ ಆ ಕೊಬ್ಬಿನ ನಡುವೆ ತೂರಲಾರವು. ನೀರು ಸ್ವಲ್ಪ ನೇರವಾಗಿ ನುಸುಳುತ್ತದೆ, ಅದಕ್ಕೆಂದೇ ಅಕ್ವಾಪೊರಿನ್ ಎಂಬ ಪ್ರೊಟೀನ್ ದಾರಿಗಳೂ ಇವೆ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕೊಬ್ಬಿನಲ್ಲಿ ಪ್ರೊಟೀನುಗಳು ತೇಲಾಡುವ ಈ ಚಿತ್ರ ಕೊಟ್ಟವರು ಸಿಂಗರ್ ಮತ್ತು ನಿಕೋಲ್ಸನ್, 1972ರಲ್ಲಿ.

"ಹಾಗಾದ್ರೆ ಉಪ್ಪು ಒಳಗೆ ಹೋಗೋದೇ ಇಲ್ವಾ ಸರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೋಗುತ್ತದೆ, ಆದರೆ ಪ್ರೊಟೀನುಗಳ ಮೂಲಕ, ನಿಧಾನಕ್ಕೆ. ನಮ್ಮ ದೇಹದ ಕೋಶದಲ್ಲಿ ಒಂದು ಪಂಪ್ ಪ್ರತಿ ಎಟಿಪಿಗೆ (ಕೋಶಕ್ಕೆ ಶಕ್ತಿ ಕೊಡುವ ಅಣು) 3 ಸೋಡಿಯಂ ಹೊರದಬ್ಬಿ 2 ಪೊಟ್ಯಾಸಿಯಂ ಒಳತರುತ್ತದೆ. ಮಕ್ಕಳು ಅದನ್ನೇ ರಿಯೋಗೂ ಬರೆದುಬಿಡುತ್ತಾರೆ. ಹೂ ಬಿಡುವ ಗಿಡಗಳಲ್ಲಿ ಆ ಪಂಪ್ ಇಲ್ಲ. ಅಲ್ಲಿ ಪ್ರೋಟಾನುಗಳನ್ನು (ಹೈಡ್ರೋಜನ್ ಅಯಾನುಗಳನ್ನು) ಹೊರದಬ್ಬುವ ಪಂಪ್ ಇದೆ, ಉಳಿದ ಸಾಗಣೆ ಬಹುಪಾಲು ಅದರ ಬಲದ ಮೇಲೇ ನಡೆಯುತ್ತದೆ.